ಮಕ್ಕಳ ಮೂಳೆಗೆ ಬೇರೆ ಡಾಕ್ಟರು

ತುರುವೇಕೆರೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅಲ್ಲಿ ಮಗಳಿಗೆ ಸ್ಕೂಲಿನ ಟ್ರ್ಯಾಕ್ ಪ್ಯಾಂಟು ಹೊಲಿಯಲು ಅಳತೆ ತೆಗೆಯುತ್ತಿದ್ದೆ. ಅವಳಿಗೆ ಆಗ ಏಳು ವರ್ಷ. ಬಲತೊಡೆಯ ಸುತ್ತಳತೆ ಎಡತೊಡೆಗಿಂತ ಅರ್ಧ ಇಂಚು ಕಡಿಮೆ ಬಂತು. ಟೇಪು ಜಾರಿರಬೇಕೆಂದು ಮತ್ತೆ ಹಿಡಿದೆ. ಅಷ್ಟೇ ಬಂತು. ಒಂದು ತಿಂಗಳಿಂದ ಅವಳು ಬಲಮಂಡಿ ನೋವೆಂದು ಕುಂಟುತ್ತಿದ್ದಳು. "ಬೆಳೆಯೋ ಮಕ್ಕಳಿಗೆ ಕಾಲು ನೋಯೋದು ಇದ್ದದ್ದೇ ಕಣೇ, ಬುಡು" ಎಂದು ನಮ್ಮತ್ತೆ ಅಂದಿದ್ದನ್ನು ನಾನೂ ನಂಬಿದ್ದೆ. ಟೇಪು ನೋಡಿದ ಮೇಲೆ ಆ ಸಮಾಧಾನ ಸಾಕಾಗಲಿಲ್ಲ.

ಮರುದಿನವೇ ತಿಪಟೂರಿನ ಮೂಳೆ ಡಾಕ್ಟರ ಹತ್ತಿರ ಹೋದೆವು. ಹೊರಗಿನ ಬೆಂಚಿನಲ್ಲಿ ತೆಂಗಿನ ಮರದಿಂದ ಬಿದ್ದವರೊಬ್ಬರು, ಸೊಂಟ ಹಿಡಿದುಕೊಂಡವರು, ಮಂಡಿ ಸವೆದ ಅಜ್ಜಿಯರು. ಮಗು ಅಂತ ಇದ್ದವಳು ಇವಳೊಬ್ಬಳೇ. ಡಾಕ್ಟರು ಮಂಡಿ ಒತ್ತಿ, ಮಡಿಸಿ, ಎಕ್ಸ್‌ರೇ ತೆಗೆಸಿದರು. ಮಂಡಿ ಚೆನ್ನಾಗಿಯೇ ಇತ್ತು. ಮಾತ್ರೆ ಬರೆದರು. ತೊಡೆಯ ಅಳತೆಯ ವಿಷಯ ನಾನು ಹೇಳಲಿಲ್ಲ. ದರ್ಜಿಯ ಅಳತೆ ಡಾಕ್ಟರಿಗೇಕೆ ಎಂದು ಸಂಕೋಚ.

ಎರಡು ವಾರವಾದರೂ ಕುಂಟುವುದು ನಿಲ್ಲಲಿಲ್ಲ. ಮತ್ತೆ ಹೋದಾಗ ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ದೊಡ್ಡೋರ ಮೂಳೆ ನೋಡಿ ನೋಡಿ ಕಲ್ತೋನು ಕಣಮ್ಮ. ಇದು ನಂಗೆ ಗೊತ್ತಾಗ್ತಿಲ್ಲ. ಮಕ್ಕಳ ಮೂಳೆಗೆ ಅಂತಾನೇ ಬೇರೆ ಡಾಕ್ಟ್ರು ಇದಾರೆ, ಬೆಂಗಳೂರಿಗೆ ಹೋಗ್ಬೇಕು."

ಗೊತ್ತಾಗುತ್ತಿಲ್ಲ ಎಂದು ಡಾಕ್ಟರೊಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂಳೆಯಲ್ಲೂ ಮಕ್ಕಳದು ಬೇರೆಯೇ? ಚಿಕ್ಕದಿರುತ್ತದೆ ಅನ್ನುವುದು ಬಿಟ್ಟರೆ ಬೇರೇನಿರುತ್ತದೆ? ರೈಲಿನಲ್ಲಿ ಕೂತು ಅದನ್ನೇ ಯೋಚಿಸಿದೆ.

ಬೆಂಗಳೂರಿನ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮಂಡಿಯನ್ನು ಮುಟ್ಟಲೇ ಇಲ್ಲ. ಚೆಂಡೊಂದನ್ನು ಉರುಳಿಸಿ, "ತಗೊಂಡ್ ಬಾ ಪುಟ್ಟಿ" ಎಂದರು. ಅವಳು ಹೋಗಿ, ಬಗ್ಗಿ, ಎತ್ತಿಕೊಂಡು ಬರುವವರೆಗೂ ಅವರ ಕಣ್ಣು ಅವಳ ಸೊಂಟದ ಮೇಲಿತ್ತು. ಮಲಗಿಸಿ ಒಂದೊಂದೇ ಕಾಲನ್ನು ಮೆಲ್ಲಗೆ ಒಳಕ್ಕೂ ಹೊರಕ್ಕೂ ತಿರುಗಿಸಿದರು. ಬಲಗಾಲು ಸ್ವಲ್ಪ ತಿರುಗಿ ನಿಂತುಬಿಟ್ಟಿತು. ಆಮೇಲೆ ಮೇಜಿನಿಂದ ಟೇಪು ತೆಗೆದರು.

"ತೊಡೆ ಅರ್ಧ ಇಂಚು ಕಮ್ಮಿ ಬರುತ್ತೆ ಮೇಡಂ" ಅಂದುಬಿಟ್ಟೆ.

ಅವರು ತಿರುಗಿ ನೋಡಿದರು. "ನೀವು ಅಳತೆ ಮಾಡಿದ್ರಾ? ಮೊದಲೇ ಹೇಳ್ಬೇಕಿತ್ತು ಕಣ್ರೀ!"

ಸೊಂಟದ ಎಕ್ಸ್‌ರೇ ಬಂತು. ತೊಡೆಮೂಳೆಯ ಮೇಲ್ತುದಿಯ ಗುಂಡು ಎಡಗಡೆ ದುಂಡಗಿತ್ತು, ಬಲಗಡೆ ಒಂದಿಷ್ಟು ಚಪ್ಪಟೆ. ಕೆಲವು ಮಕ್ಕಳಿಗೆ ಈ ವಯಸ್ಸಿನಲ್ಲಿ ಅಲ್ಲಿಗೆ ರಕ್ತ ಹೋಗುವುದು ಕಡಿಮೆಯಾಗಿ ಮೂಳೆ ಮೆತ್ತಗಾಗುತ್ತದಂತೆ.

"ಮತ್ತೆ ಮಂಡಿ ಯಾಕೆ ನೋಯುತ್ತೆ ಮೇಡಂ?"

"ಎರಡು ಕಡೆಗೂ ಹೋಗೋ ನರ ಒಂದೇ. ನೋವು ಎಲ್ಲಿಂದ ಹೊರಟಿದ್ದು ಅಂತ ಮಗೂಗೆ ತಿಳಿಯಲ್ಲ. ಮಕ್ಕಳು ಮಂಡಿ ಅಂದ್ರೆ ನಾವು ಸೊಂಟಾನೂ ನೋಡ್ತೀವಿ."

ಎಕ್ಸ್‌ರೇಯಲ್ಲೊಂದು ಕಪ್ಪು ಗೆರೆ ಕಂಡು, ಮುರಿದಿದೆಯಾ ಎಂದು ಗಾಬರಿಯಿಂದ ಕೇಳಿದೆ. ಅವರು ನಕ್ಕರು. "ಅಲ್ಲಿಂದಲೇ ಮೂಳೆ ಬೆಳೆಯೋದು. ನಿಮಗೂ ನನಗೂ ಅದು ಮುಚ್ಚಿಹೋಗಿದೆ." ರೈಲಿನಲ್ಲಿ ನಾನು ಹುಡುಕುತ್ತಿದ್ದ ಉತ್ತರ ಕೂದಲೆಳೆಯಷ್ಟು ತೆಳ್ಳಗಿತ್ತು.

ಆಪರೇಷನ್ ಬೇಕಾಗಲಿಲ್ಲ. ಓಡಬಾರದು, ಕುಪ್ಪಳಿಸಬಾರದು, ದಿನಾ ವ್ಯಾಯಾಮ, ಮೂರು ತಿಂಗಳಿಗೊಮ್ಮೆ ಎಕ್ಸ್‌ರೇ. ಕುಂಟೆಬಿಲ್ಲೆ ಆಡುವ ಗೆಳತಿಯರನ್ನು ನೋಡುತ್ತಾ ಅವಳು ಜಗಲಿಯಲ್ಲಿ ಕೂತು ಅತ್ತದ್ದೂ ಉಂಟು.

ಸೊಂಟದ ಎಕ್ಸ್‌ರೇ ಫಿಲ್ಮನ್ನು ತಿಪಟೂರಿನ ಡಾಕ್ಟರಿಗೆ ತೋರಿಸಿದೆ. ಅವರು ಬೇಸರಪಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಓದಿದ್ದೆ ಕಣಮ್ಮ, ಮರ್ತೇ ಹೋಗಿತ್ತು. ಅವ್ರು ಕಾಲು ಹೆಂಗೆ ತಿರುಗಿಸಿದ್ರು?" ಮಗಳೇ ಮಂಚ ಹತ್ತಿ ಮಲಗಿ, "ಹಂಗಲ್ಲ, ಮೆಲ್ಲಗೆ" ಎಂದು ಹೇಳಿಕೊಟ್ಟಳು.

ಈಗ ಎರಡು ವರ್ಷವಾಗಿದೆ. ಗುಂಡು ಹೆಚ್ಚುಕಡಿಮೆ ದುಂಡಗಾಗಿದೆ, ಸೈಕಲ್ಲಿಗೆ ಅಪ್ಪಣೆ ಸಿಕ್ಕಿದೆ. ಹೋದ ತಿಂಗಳು ತಿಪಟೂರಿನ ಡಾಕ್ಟರು ಫೋನ್ ಮಾಡಿದ್ದರು. ಹಂದನಕೆರೆಯಿಂದ ಮಂಡಿ ನೋವೆಂದು ಒಂದು ಮಗು ಬಂದಿದೆಯಂತೆ. ಕಾಲು ತಿರುಗಿಸಿ ಸೊಂಟ ನೋಡಿದರಂತೆ. "ಆ ಮೇಡಂ ಯಾವ ದಿನ ಸಿಗ್ತಾರಮ್ಮ?"

ಗುರುವಾರ ಎಂದೆ.