ಮಗ್ಗ ನಿಂತ ಓಣಿ

ಕೊನೆಯ ಮನೆಯ ಅಜ್ಜನ ಮಾತನ್ನು ಅವತ್ತು ಮೊದಲು ಎತ್ತಿದ್ದು ನಾನೋ, ನಮ್ಮ ಆಯಿಯೋ, ಖಚಿತವಾಗಿ ಹೇಳಲಾರೆ. ನನಗೆ ಅದು ಎರಡೂ ರೀತಿಯಲ್ಲಿ ನೆನಪಿದೆ. ಒಂದರಲ್ಲಿ ಆಯಿ ಹೊರಸಿನ ಮೇಲೆ ಕೂತು ಅವನ ಬಗ್ಗೆ ಕೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ. ಇನ್ನೊಂದರಲ್ಲಿ ಆಕೆ ಏನೂ ಕೇಳುವುದಿಲ್ಲ, ನನ್ನ ಮುಖವನ್ನೇ ನೋಡುತ್ತಿರುತ್ತಾಳೆ, ಮಾತು ನನ್ನ ಬಾಯಿಂದಲೇ ಬರುತ್ತದೆ. ಎರಡರಲ್ಲೂ ಫ್ಯಾನು ತಿರುಗುತ್ತಿರುತ್ತದೆ. ಎರಡರಲ್ಲೂ ನನ್ನ ಕೊರಳಲ್ಲಿ ಇಯರ್‌ಫೋನಿನ ದಾರ ಜೋತಾಡುತ್ತಿರುತ್ತದೆ. ನಾನು ಇತಿಹಾಸ ಕಲಿಸುವವನು. ಆಧಾರವಿಲ್ಲದ್ದನ್ನು ನಂಬಬೇಡಿ ಎಂದು ಹುಡುಗರಿಗೆ ವರ್ಷವಿಡೀ ಹೇಳುತ್ತೇನೆ. ಈ ವಿಷಯದಲ್ಲಿ ಸಾಕ್ಷಿ ನಾನೊಬ್ಬನೇ, ಆ ಸಾಕ್ಷಿಯ ಮೇಲೆ ನನಗೆ ನಂಬಿಕೆಯಿಲ್ಲ.

ಲಾಕ್‌ಡೌನಿನ ಮೊದಲ ವರ್ಷದ ಮಾತು ಇದು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಜಮಖಂಡಿಯ ಕಾಲೇಜಿಗೆ ದಿನಾ ಬನಹಟ್ಟಿಯಿಂದ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ಮನೆಯಿಂದಲೇ ಪಾಠ ಮಾಡಬೇಕು ಎಂದು ಕಾಲೇಜಿನಿಂದ ಫೋನು ಬಂದಾಗ ಮನೆಯಲ್ಲಿ ಜಾಗವೆಲ್ಲಿದೆ ಎಂಬ ಪ್ರಶ್ನೆ ಎದ್ದಿತು. ಮುಂದೆ ಪಡಸಾಲೆ, ನಡುವೆ ಅಡುಗೆಮನೆ ಮತ್ತು ಆಯಿ ಮಲಗುವ ಕೋಣೆ, ಅದರ ಹಿಂದೆ ತಗಡಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ನೆಟ್‌ವರ್ಕು ಸರಿಯಾಗಿ ಸಿಗುತ್ತಿದ್ದದ್ದು ಶೆಡ್ಡಿನಲ್ಲಿ ಮಾತ್ರ. ಎರಡು ಮಗ್ಗಗಳ ನಡುವಿನ ಸಂದಿಯಲ್ಲಿ ಅಪ್ಪ ಒಂದು ಟೇಬಲ್ಲು ಹಾಕಿಕೊಟ್ಟ.

ಹುಟ್ಟಿದಾಗಿನಿಂದ ಆ ಶೆಡ್ಡಿನಲ್ಲಿ ನನ್ನ ದನಿ ನನಗೆ ಕೇಳಿಸಿದ್ದಿಲ್ಲ. ಮಗ್ಗ ನಡೆಯುವಾಗ ಅಲ್ಲಿ ಯಾರೂ ಮಾತಾಡುವುದಿಲ್ಲ, ಕೈ ಮಾಡುತ್ತಾರೆ: ಊಟಕ್ಕೆ ಒಂದು ಸನ್ನೆ, ದಾರ ಹರಿದದ್ದಕ್ಕೆ ಒಂದು, ಸಾಹುಕಾರ ಬಂದಿದ್ದಾನೆ ಎನ್ನಲು ಇನ್ನೊಂದು. ಈಗ ನಾಲ್ಕೂ ಮಗ್ಗ ನಿಂತಿದ್ದವು. ಮೂರರ ಮೇಲೆ ಅರ್ಧ ನೇಯ್ದ ಸೀರೆಗಳು ಹಾಗೇ ಇದ್ದವು, ಮೂಲೆಯದೊಂದು ಖಾಲಿ. ಅಷ್ಟು ಮೌನದಲ್ಲಿಯೂ ಅವ್ವ ಬಾಗಿಲಲ್ಲಿ ನಿಂತು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ಊಟಕ್ಕೆ ಕರೆಯುತ್ತಿದ್ದಳು. ನಾನೂ ಲ್ಯಾಪ್‌ಟಾಪಿನ ಮುಂದೆ ಕಿರುಚುತ್ತಿದ್ದೆನಂತೆ. ಬೀಳಗಿ ಕಡೆಯ ಒಬ್ಬ ವಿದ್ಯಾರ್ಥಿ ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆಂದು ಬರೆದು ಕಳಿಸಿದ.

ಹುಡುಗರ ಮುಖ ಕಾಣುತ್ತಿರಲಿಲ್ಲ. ಕಪ್ಪು ಚೌಕಗಳು, ಪ್ರತಿಯೊಂದರಲ್ಲಿ ಒಂದು ಅಕ್ಷರ. ಡೇಟಾ ಉಳಿಸಲು ಎಲ್ಲರೂ ಕ್ಯಾಮೆರಾ ಮುಚ್ಚಿಟ್ಟಿದ್ದರು. ನಾನು ಪ್ರಶ್ನೆ ಕೇಳಿ ಸುಮ್ಮನಾದರೆ ಆ ಕಡೆಯೂ ಸುಮ್ಮನೆ. ಯಾರೋ ಎಲ್ಲೋ ಕೆಮ್ಮಿದ್ದು, ತುಬಚಿಯ ಹುಡುಗಿಯ ಹಿಂದೆ ಎಮ್ಮೆ ಕೂಗಿದ್ದು, ಅಷ್ಟೇ. ಪಾಠ ಮುಗಿಸಿ ಇಯರ್‌ಫೋನು ತೆಗೆದರೆ ಊರೂ ಹಾಗೆಯೇ ಇತ್ತು.

ಈ ಮೌನದ ಬಗ್ಗೆ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಓಣಿಯಲ್ಲಿ ಮಗ್ಗಗಳು ಎರಡೇ ಕಾರಣಕ್ಕೆ ಒಟ್ಟಿಗೆ ನಿಲ್ಲುತ್ತವೆ. ಕರೆಂಟು ಹೋದರೆ ನಿಲ್ಲುತ್ತವೆ. ಯಾರಾದರೂ ಸತ್ತರೆ ನಿಲ್ಲುತ್ತವೆ. ಸಾವಿನ ಸುದ್ದಿ ಬಂದೊಡನೆ ಮನೆಮನೆಯಲ್ಲೂ ಸ್ವಿಚ್ಚು ತೆಗೆಯುತ್ತಾರೆ, ಹೆಣ ಓಣಿ ದಾಟಿ ಮಣ್ಣಾಗುವವರೆಗೆ ಮಗ್ಗ ಹಾಕುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ಬೇರೆ ಓಣಿಯಿಂದ ಬುತ್ತಿ ಬಂದರೆ ಉಣ್ಣಬಹುದು. ಚಿಕ್ಕಂದಿನಲ್ಲಿ ಸಾಲೆಯಿಂದ ಬರುವಾಗ ಓಣಿ ಮೌನವಾಗಿದ್ದರೆ ನಾವು ಮೊದಲು ನೋಡುತ್ತಿದ್ದದ್ದು ಬಲ್ಬು. ಬಲ್ಬು ಉರಿಯುತ್ತಿದ್ದರೆ ಯಾರೋ ಹೋಗಿದ್ದಾರೆ ಎಂದು ಅರ್ಥ.

ಆಯಿ ನನ್ನ ಅಪ್ಪನ ತಾಯಿ. ಆಗ ಆಕೆ ಹೊರಸು ಬಿಟ್ಟು ಏಳುತ್ತಿದ್ದದ್ದು ಕಡಿಮೆ. ಲಾಕ್‌ಡೌನಿನ ಮೊದಲ ದಿನವೇ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ ಅವ್ವನನ್ನು ಕೇಳಿದಳು.

“ಯಾರ ಹೋದ್ರು?”

ಯಾರೂ ಹೋಗಿಲ್ಲ ಎಂದು ಅವ್ವ ಹೇಳಿದಳು. ಅಪ್ಪ ಕೂತು ಬಿಡಿಸಿ ಹೇಳಿದ: ರೋಗ ಬಂದಿದೆ, ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ, ಅದಕ್ಕೇ ಇಡೀ ದೇಶವನ್ನೇ ಬಂದ್ ಮಾಡಿದ್ದಾರೆ. ಆಯಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

“ಹಂಗಾದ್ರ ದೇಶಾನ ಸತ್ತೈತೇನ?” ಅಂದಳು.

ನಾವು ನಕ್ಕೆವು. ಆಕೆ ನಗಲಿಲ್ಲ, ಅವತ್ತು ಊಟವನ್ನೂ ಮಾಡಲಿಲ್ಲ.

ಮರುದಿನವೂ ಮಾಡಲಿಲ್ಲ. ಒಲೆಯ ಮೇಲಿಟ್ಟ ಯಾವುದನ್ನೂ ಮುಟ್ಟುತ್ತಿರಲಿಲ್ಲ, ಚಹಾ ಸಹ. ನೀರಲ್ಲಿ ನೆನೆಸಿದ ಚುರುಮುರಿ, ಬಾಳೆಹಣ್ಣು, ಅಷ್ಟೇ. ಬೀಳಗಿಯಲ್ಲಿರುವ ತನ್ನ ಮಗಳೇ ಹೋಗಿದ್ದಾಳೆ, ನಾವು ಮುಚ್ಚಿಡುತ್ತಿದ್ದೇವೆ ಎಂಬ ಸಂಶಯ ಮೊದಲು ಬಂದಿತು. ಫೋನು ಹಚ್ಚಿ ಮಗಳ ದನಿ ಕೇಳಿಸಿದೆವು. ಹಾಗಾದರೆ ಓಣಿಯವರೇ ಇರಬೇಕು ಎಂದು ಒಂದೊಂದೇ ಮನೆಯನ್ನು ವಿಚಾರಿಸತೊಡಗಿದಳು. ಅವ್ವ ಪಕ್ಕದ ಮನೆಯವರನ್ನು ಕೈಮುಗಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿದಳು. ಅವರು ಸೆರಗು, ಟವೆಲ್ಲು ಬಾಯಿಗೆ ಕಟ್ಟಿಕೊಂಡು ದೂರದಲ್ಲೇ ನಿಂತರು. ನಮ್ಮಲ್ಲಿ ಹೆಣಕ್ಕೆ ಬಾಯಿ ತೆರೆದುಕೊಳ್ಳದಂತೆ ಬಟ್ಟೆ ಕಟ್ಟುತ್ತಾರೆ.

“ಬಾಯಿ ಕಟಗೊಂಡ ನಿಂತಾರ. ಇವ್ರ ಬದುಕಿದ್ದವ್ರೇನ?” ಎಂದು ಆಯಿ ಗೋಡೆಯ ಕಡೆ ತಿರುಗಿದಳು. ಬಂದವರಿಗೂ ಅದು ಕೇಳಿಸಿತು. ಅವರು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಆಯಿಗೆ ಸಕ್ಕರೆ ಕಾಯಿಲೆ ಇತ್ತು. ಹೊಟ್ಟೆಗೆ ಹಾಕದೆ ಗುಳಿಗೆ ನುಂಗಿದರೆ ಅಪಾಯ, ಗುಳಿಗೆ ಬಿಟ್ಟರೂ ಅಪಾಯ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಒಮ್ಮೆ ಬಚ್ಚಲ ಹೊಸ್ತಿಲಲ್ಲಿ ಕುಸಿದಳು. ಅಪ್ಪ ಎತ್ತಿಕೊಂಡು ಬಂದು ಹೊರಸಿನ ಮೇಲೆ ಮಲಗಿಸುವಾಗ ಆಕೆಯ ಕೈಯ ಬಳೆಗಳು ಮೊಣಕೈವರೆಗೆ ಜಾರಿದ್ದನ್ನು ನೋಡಿದೆ. ಅವತ್ತಿನಿಂದ ಅಪ್ಪ ಶೆಡ್ಡಿನಲ್ಲಿ ಕೂತು ನಿಂತ ಮಗ್ಗಗಳನ್ನು ಒರೆಸುತ್ತ ಹೊತ್ತು ಕಳೆಯತೊಡಗಿದ. ನಾನು ಅತ್ತ ಪಾಠ ಮಾಡುತ್ತಿದ್ದೆ, ಅವನು ಇತ್ತ ಒರೆಸುತ್ತಿದ್ದ. ಆಯಿ ಉಪವಾಸದಲ್ಲಿ ಸಾಯುತ್ತಾಳೆ ಎಂದು ಇಬ್ಬರಿಗೂ ಅನಿಸಿತ್ತು.

ಅವ್ವ ಒಂದು ಉಪಾಯ ಮಾಡಿ ನೋಡಿದಳು. ರೊಟ್ಟಿ, ಪಲ್ಯವನ್ನು ಬಟ್ಟೆಯಲ್ಲಿ ಕಟ್ಟಿ ಮುಂದಿನ ಬಾಗಿಲಿನಿಂದ ತಂದಳು.

“ಅತ್ತೀ, ಆಚೆ ಓಣ್ಯಾಗಿಂದ ಬುತ್ತಿ ಕಳಿಸ್ಯಾರ್ರಿ. ಏಳ್ರಿ, ಉಣ್ರಿ.”

ಆಯಿ ಗಂಟು ಬಿಚ್ಚಿ ರೊಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದಳು.

“ಕಳಿಸಿದಾಕಿನೂ ನಿನ್ನಂಗ ನಡುವ ದಪ್ಪ ಬಡಿತಾಳೇನ ರೊಟ್ಟಿ? ಇಷ್ಟ ವರ್ಷಾತು, ಕಲೀಲಿಲ್ಲ ನೀ.”

ಅವ್ವ ಅಡುಗೆಮನೆಗೆ ಹೋಗಿ ಅತ್ತಳು. ಅತ್ತದ್ದು ಆಯಿ ಉಣ್ಣಲಿಲ್ಲವೆಂದೋ, ರೊಟ್ಟಿಯ ಮಾತಿಗೋ ಎಂದು ಈಗ ಕೇಳಿದರೆ ಅತ್ತೇ ಇಲ್ಲ ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಅತ್ತಿದ್ದಾಳೆ.

ಆ ದಿನ ಬಂದದ್ದು ಇದಾದ ಮೇಲೆ. ಮಧ್ಯಾಹ್ನದ ಪಾಠ. ಬ್ರಿಟಿಷರ ಕಾಲದ ಕಂದಾಯ ಪದ್ಧತಿ. ಅಪ್ಪ ಮೂಲೆಯ ಮಗ್ಗದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಆಯಿ ಕೋಣೆಯಿಂದ ನನ್ನನ್ನು ಕರೆದಳು. ನಾನು ಮೈಕು ಮುಚ್ಚಿ, ಇಯರ್‌ಫೋನು ಕಿತ್ತು ಕೊರಳಿಗೆ ಇಳಿಬಿಟ್ಟುಕೊಂಡು ಬಾಗಿಲಿಗೆ ಹೋದೆ. ಆಕೆ ಎದ್ದು ಕೂತಿದ್ದಳು. ಇಲ್ಲಿಂದ ಮುಂದಿನದು ನನಗೆ ಎರಡು ರೀತಿ ನೆನಪಿರುವುದು.

ಕೊನೆಯ ಮನೆಯ ಅಜ್ಜ ಆಯಿಯನ್ನು ಅಕ್ಕಾ ಎಂದು ಕರೆಯುತ್ತಿದ್ದವನು. ಕಣ್ಣಿನ ಆಪರೇಶನ್ನಿಗೆಂದು ಯುಗಾದಿಗೆ ಮುಂಚೆಯೇ ಮುಧೋಳದ ಮಗಳ ಮನೆಗೆ ಹೋಗಿದ್ದ. ಬಸ್ಸು ನಿಂತದ್ದರಿಂದ ಅಲ್ಲೇ ಉಳಿದಿದ್ದಾನೆ ಎಂದು ಓಣಿಯೆಲ್ಲ ತಿಳಿದಿತ್ತು. ಓಣಿಯಲ್ಲಿ ಬೀಗ ಬಿದ್ದ ಮನೆ ಅದೊಂದೇ. ಆಯಿ ಕೇಳಿದ್ದರೂ ಆ ಮನೆಯ ಬಗ್ಗೆಯೇ ಕೇಳುತ್ತಿದ್ದಳು, ನಾನು ಸುಳ್ಳು ಹೇಳಲು ಹೊರಟಿದ್ದರೂ ಎದುರಿಗೆ ನಿಲ್ಲಿಸಿ ತೋರಿಸಲಾಗದ ಒಬ್ಬನನ್ನೇ ಆರಿಸುತ್ತಿದ್ದೆ. ಹೇಗೂ ಮಾತು ಅವನ ಮೇಲೆಯೇ ಬಂದು ಬೀಳಬೇಕಿತ್ತು. ನಾನು ನನಗೆ ಕೊಟ್ಟುಕೊಂಡ ವಿವರಣೆ ಇದು. ಸಾಕಷ್ಟು ಒಳ್ಳೆಯ ವಿವರಣೆ.

ಹೇಗೋ ಅವನು ಹೋದ ಎಂದಾಯಿತು. ಆಮೇಲಿನದರಲ್ಲಿ ನನಗೆ ಸಂಶಯವಿಲ್ಲ, ಯಾಕೆಂದರೆ ಅಪ್ಪನಿಗೂ ಅದು ಹಾಗೆಯೇ ನೆನಪಿದೆ.

“ಮಣ್ಣಾತೇನ?” ಎಂದು ಆಯಿ ಕೇಳಿದಳು.

“ಆತು ಆಯಿ. ಆಗಳೇ ಆತು.”

“ಎಲ್ಲೆ?”

“ಮುಧೋಳದಾಗ.”

ಆಕೆ ಜಾರಿದ ಬಳೆಗಳನ್ನು ಮುಂಗೈಗೆ ಸರಿಸಿಕೊಂಡಳು.

“ಹಂಗಾದ್ರ ಮಗ್ಗ ಯಾಕ ಹಾಕವಲ್ರು?”

ನನ್ನ ಬೆನ್ನ ಹಿಂದೆ ಅಪ್ಪ ಎದ್ದ ಸದ್ದಾಯಿತು. ಅವನು ನನ್ನ ಕಡೆ ನೋಡದೆ ಮೂಲೆಯ ಖಾಲಿ ಮಗ್ಗದ ಸ್ವಿಚ್ಚು ಹಾಕಿದ. ಹಾಸು ಇಲ್ಲ, ದಾರವಿಲ್ಲ, ಲಾಳಿಯೂ ಇಲ್ಲ. ಮಗ್ಗ ಏನನ್ನೂ ನೇಯದೆ ಬಡಿದುಕೊಳ್ಳತೊಡಗಿತು. ನಾಲ್ಕು ಮಗ್ಗಗಳ ಸದ್ದಿನಲ್ಲಿ ಬೆಳೆದವನು ನಾನು, ಒಂದೇ ಮಗ್ಗದ ಸದ್ದಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಸದ್ದು ಓಣಿಯ ಆ ತುದಿಯವರೆಗೆ ಹೋಗಿ ಗೋಡೆಗಳಿಗೆ ತಾಗಿ ತಿರುಗಿ ಬರುವುದು ಕೇಳುತ್ತಿತ್ತು.

ಆಯಿ ಕಿವಿಗೊಟ್ಟು ಕೇಳಿದಳು. ಆಮೇಲೆ ಅವ್ವನಿಗೆ ನೀರು ಕಾಸಲು ಹೇಳಿದಳು. ಮಣ್ಣಿನಿಂದ ಬಂದವರು ಸ್ನಾನ ಮಾಡುವ ಹಾಗೆ ತಲೆಯ ಮೇಲೆ ನೀರು ಹಾಕಿಸಿಕೊಂಡಳು, ಒದ್ದೆ ಕೂದಲಿನಲ್ಲೇ ಕೂತು ಒಂದು ಇಡೀ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿಕೊಂಡು ತಿಂದಳು. ನಡುವೆ ದಪ್ಪಗಿದೆ ಎನ್ನಲಿಲ್ಲ.

ನಾನು ಮುಂದಿನ ಬಾಗಿಲಿಗೆ ಹೋದೆ. ಓಣಿಯ ಎಲ್ಲ ಬಾಗಿಲುಗಳೂ ತೆರೆದಿದ್ದವು. ಪ್ರತಿ ಹೊಸ್ತಿಲಲ್ಲೂ ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಯ ಕಡೆ ನೋಡುತ್ತ ನಿಂತಿದ್ದರು. ಎದುರು ಮನೆಯವನು ಕೈಯೆತ್ತಿ, ಬೆರಳು ತಿರುಗಿಸಿ ಸನ್ನೆ ಮಾಡಿದ: ಚಾಲೂ ಆದವೇನು? ನಾನು ತಲೆಯಾಡಿಸಿದೆ, ಇಲ್ಲ. ಅಷ್ಟರಲ್ಲಿ ಅಪ್ಪ ಮಗ್ಗ ನಿಲ್ಲಿಸಿದ. ಒಬ್ಬೊಬ್ಬರೇ ಒಳಗೆ ಹೋದರು, ಬಾಗಿಲುಗಳು ಮುಚ್ಚಿಕೊಂಡವು.

ಪಾಠದ ರೆಕಾರ್ಡಿಂಗ್ ಇದೆ. ಪಾಠಕ್ಕೆ ಬಾರದ ಹುಡುಗರಿಗೆ ಕಳಿಸಬೇಕೆಂದು ಪ್ರತಿ ಪಾಠವನ್ನೂ ಉಳಿಸುತ್ತಿದ್ದೆ. ಮೊದಲು ಯಾರು ಮಾತೆತ್ತಿದರು ಎಂಬುದು ಅದರಲ್ಲಿ ಸಿಕ್ಕೀತೆಂದು ಎಷ್ಟೋ ಸಲ ಕೇಳಿದ್ದೇನೆ. ಸಿಗುವುದಿಲ್ಲ. ಮೈಕು ಮುಚ್ಚಿದೆ. ಹುಡುಗರು ಕಾಯುತ್ತಾರೆ, ಯಾರೋ ಆಕಳಿಸುತ್ತಾರೆ. ಆಮೇಲೆ ನಾನು ಮರಳಿ ಬಂದು, ಇವತ್ತಿಗೆ ಸಾಕು, ನಾಳೆ ಮುಂದುವರಿಸೋಣ ಅನ್ನುತ್ತೇನೆ. ಆ ದನಿ ನನ್ನದು ಅನಿಸುವುದಿಲ್ಲ.

ಲಾಕ್‌ಡೌನು ಅವತ್ತಿಗೆ ಮುಗಿಯಲಿಲ್ಲ. ಮುಂದೆ ವಾರಗಟ್ಟಲೆ ಓಣಿ ಹಾಗೆಯೇ ಮೌನವಾಗಿತ್ತು, ಫ್ಯಾನು ತಿರುಗುತ್ತಲೇ ಇತ್ತು. ಆಯಿ ಮಾತ್ರ ಆಮೇಲೆ ಒಂದು ಹೊತ್ತೂ ಊಟ ಬಿಡಲಿಲ್ಲ, ಯಾರು ಹೋದರು ಎಂದು ಕೇಳಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಮಗ್ಗ ಇನ್ನೂ ನಿಂತೇ ಇವೆಯಲ್ಲ ಎಂದು ಒಂದು ದಿನ ನಾನೇ ಕೇಳಿದೆ.

“ಈಗ ನಿಂತದ್ದು ಬ್ಯಾರೆ,” ಅಂದಳು.

ಎಷ್ಟು ಕೇಳಿದರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಎರಡು ವರ್ಷ ಆದ ಮೇಲೆ, ಎಲ್ಲ ಮಗ್ಗಗಳೂ ನಡೆಯುತ್ತಿದ್ದ ಒಂದು ಸಂಜೆ ಹೋದಳು. ಅಪ್ಪ ಮೊದಲು ಶೆಡ್ಡಿಗೆ ಹೋಗಿ ಸ್ವಿಚ್ಚು ತೆಗೆದ, ಆಮೇಲೆ ಹೊರಗೆ ಬಂದು ಓಣಿಗೆ ಹೇಳಿದ.

ಕೊನೆಯ ಮನೆಯ ಅಜ್ಜ ತಿರುಗಿ ಬರಲೇ ಇಲ್ಲ. ಬಸ್ಸು ಶುರುವಾದ ಮೇಲೆ ಅವನ ಮಗಳು ಮುಧೋಳದಿಂದ ಬಂದು ಬೀಗ ತೆಗೆದಳು. ಅವನು ತೀರಿಕೊಂಡ ಸುದ್ದಿ ಓಣಿಗೆ ಅವಳಿಂದ ತಿಳಿಯಿತು. ಹೆಣವನ್ನು ಬನಹಟ್ಟಿಗೆ ತರಲು ಪಾಸು ಸಿಗಲಿಲ್ಲವಂತೆ, ಬರಲಾಗದವರಿಗೆ ಹೇಳಿ ಏನು ಮಾಡುವುದೆಂದು ಯಾರಿಗೂ ಫೋನು ಮಾಡಲಿಲ್ಲವಂತೆ. ಯಾವ ದಿನ ಎಂದು ಕೇಳಿದೆ. ಯುಗಾದಿ ಆದ ಮೇಲಿನ ಅಮಾವಾಸ್ಯೆ, ಮುಂಜಾನೆ ಎಂದಳು. ನಾನು ಮನೆಗೆ ಬಂದು ರೆಕಾರ್ಡಿಂಗಿನ ತಾರೀಖನ್ನೂ ಗೋಡೆಯ ಕ್ಯಾಲೆಂಡರನ್ನೂ ನೋಡಿದೆ. ಅದೇ ದಿನ. ಫೋನಿಗೆ ಬಂದಿದ್ದ ಕರೆಗಳನ್ನು, ಮೆಸೇಜುಗಳನ್ನು ನೋಡಿದೆ, ಅಪ್ಪನನ್ನು ಕೇಳಿದೆ, ಅವ್ವನನ್ನು ಕೇಳಿದೆ. ನಮಗೆ ಯಾರಿಗೂ ಯಾವ ಸುದ್ದಿಯೂ ಬಂದಿರಲಿಲ್ಲ. ದುಃಖದಲ್ಲಿರುವವರಿಗೆ ದಿನ, ತಿಥಿ ತಪ್ಪಬಹುದು ಎಂದುಕೊಂಡೆ.

ಮುಂದಿನ ವರ್ಷ ಪರೀಕ್ಷೆಯ ಕೆಲಸಕ್ಕೆ ಮುಧೋಳಕ್ಕೆ ಹೋದಾಗ, ಅಲ್ಲಿ ಅಜ್ಜನ ಕುಣಿ ತೋಡಿದವರಲ್ಲಿ ಒಬ್ಬನನ್ನು ಹುಡುಕಿ ಮಾತಾಡಿಸಿದೆ. ಅವನು ಆ ಮಗಳ ಹೇಳಿಕೆ ತಿಳಿಯದವನು. ಅವನೂ ಅಮಾವಾಸ್ಯೆ ಎಂದೇ ಹೇಳಿದ, ಅವತ್ತು ಮನೆಯಲ್ಲಿ ಎಡೆ ಮಾಡಿದ್ದರಿಂದ ಬೇಗ ಮುಗಿಸಬೇಕಾಗಿತ್ತಂತೆ. ಬಿಸಿಲು ನೆತ್ತಿಗೆ ಬರುವ ಮೊದಲೇ ಮಣ್ಣು ಮುಗಿದಿತ್ತು. ನನ್ನ ಪಾಠ ಶುರುವಾದದ್ದು ಮಧ್ಯಾಹ್ನದ ಊಟವಾದ ಮೇಲೆ.