ಹುಣಸೇಹಣ್ಣು ಹಾಕಿ ಉಜ್ಜಿದ ಉರುಳೆ

ನಮ್ಮ ಕಾಲೇಜಿನ ಶನಿವಾರದ ಗೋಷ್ಠಿಗೆ ಎಲ್ಲರೂ ದಣಿದೇ ಬರುತ್ತಿದ್ದೆವು. ವಾರವಿಡೀ ಪಾಠ ಹೇಳಿ ಗಂಟಲು ಕಟ್ಟಿರುತ್ತಿತ್ತು, ಮೇಲೆ ಊಟದ ಮಂಪರು. ವಿಲಾಯಿತಿಯಿಂದ ಹಡಗಿನಲ್ಲಿ ಬಂದ ಪತ್ರಿಕೆಯಿಂದ ಜೀವಶಾಸ್ತ್ರದ ಹೊಸ ಸಂಗತಿಯನ್ನು ಒಬ್ಬರು ಓದುವುದು, ಇಲ್ಲವೇ ತಾವೇ ಮಾಡಿದ ಪ್ರಯೋಗ ವಿವರಿಸುವುದು. ಉಳಿದವರು ಕಣ್ಣೆಳೆಯುತ್ತಿದ್ದರೂ ತಪ್ಪು ಹುಡುಕುವುದು. ನಮ್ಮ ಹಿರಿಯ ಮೇಷ್ಟ್ರು ಮಾತ್ರ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿರುತ್ತಿದ್ದರು. ನೋಡಿದ್ದನ್ನು ತೋರಿಸಬೇಕು, ತೋರಿಸದಿದ್ದರೆ ನೋಡಿಲ್ಲವೆಂದೇ ಅರ್ಥ. ಅದು ಅವರ ಕಟ್ಟುನಿಟ್ಟು.

ಆ ವರ್ಷ ದಸರಾ ಕಳೆದ ಮೊದಲ ಶನಿವಾರ ನನ್ನ ಗೆಳೆಯನ ಸರದಿ. ಊರಿನ ಹಳೆಯ ಕ್ಯಾಥೊಲಿಕ್ ಮನೆತನದವನು, ನನ್ನ ಜೊತೆಗೇ ಪಾಠ ಮಾಡುತ್ತಿದ್ದ. ನನ್ನ ಕೆಲಸ ಖಾಯಂ ಆಗಿತ್ತು, ಅವನದು ಹಂಗಾಮಿ. ಅವನ ಪ್ರಯೋಗವನ್ನು ಗೋಷ್ಠಿ ಒಪ್ಪಿದರೆ ಖಾಯಂ ಮಾಡಲು ಮೇಲಿನವರಿಗೆ ಬರೆಯುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಅವನು ಹಿಡಿದ ಪ್ರಶ್ನೆ ನೋಡಿ: ಕಪ್ಪೆಯ ಕಾಲು ಮತ್ತೆ ಮತ್ತೆ ಮಿಡಿದು ಸೋತಾಗ ದಣಿಯುವುದು ನರವೋ, ಮಾಂಸಖಂಡವೋ? ದೀಪದ ಹೊಗೆಯಲ್ಲಿ ಮಸಿ ಹಿಡಿಸಿದ ಕಾಗದವನ್ನು ತಿರುಗುವ ಹಿತ್ತಾಳೆ ಉರುಳೆಗೆ ಸುತ್ತುತ್ತಾರೆ. ವಿದ್ಯುತ್ ತಾಗಿಸಿ ಕಾಲು ಮಿಡಿಸಿದಾಗಲೆಲ್ಲ ಅದಕ್ಕೆ ಕಟ್ಟಿದ ಸೂಜಿ ಮಸಿಯಲ್ಲಿ ಬಿಳಿ ಗೀರು ಎಳೆಯುತ್ತದೆ. ಗೀರು ಕುಗ್ಗುತ್ತ ಹೋದಂತೆ ದಣಿವು ಕಣ್ಣಿಗೇ ಕಾಣುತ್ತದೆ. ಮಳೆಗಾಲವೆಲ್ಲ ಕುಂಬಾರಕೊಪ್ಪಲಿನ ಮಣ್ಣಿನ ಗುಂಡಿಗಳಲ್ಲಿ ಕಪ್ಪೆ ಹಿಡಿದು, ಕಡೆಗೂ ಒಂದು ಒಳ್ಳೆಯ ಗೀರು ಪಡೆದಿದ್ದ. ಅಳಿಯದಂತೆ ಅದಕ್ಕೆ ಅರಗಿನ ವಾರ್ನಿಷ್ ಹೊಯ್ಯಬೇಕು. ಅಂಗಡಿಯವನು ಹಬ್ಬಕ್ಕೆ ಬಾಗಿಲು ಹಾಕಿದ್ದ. ಕಾಗದ ಉರುಳೆಯ ಮೇಲೆ ಹಾಗೇ ಉಳಿಯಿತು.

ಆಯುಧಪೂಜೆಯ ಹಿಂದಿನ ದಿನ, ಕಚೇರಿಯಿಂದ ಹೊಸದಾಗಿ ನಮ್ಮಲ್ಲಿಗೆ ಬಂದ ಜವಾನ ಸಂಕೋಚದಿಂದ ಕೇಳಿದ್ದ: "ಸ್ವಾಮಿ, ನೀವು ಕಿರಸ್ತಾನರು. ನಿಮ್ ಉರುಳೆ ಮಿಷಿನ್ಗೂ ಪೂಜೆ ಮಾಡ್ಬೋದಾ?"

"ಮಾಡಪ್ಪ. ಅದೊಂದನ್ನ ಯಾಕೆ ಹೊರಗಿಡ್ತೀಯ?" ಎಂದಿದ್ದ ಗೆಳೆಯ.

ರಜೆ ಮುಗಿದು ಶನಿವಾರ ಬೆಳಿಗ್ಗೆ ಪ್ರಯೋಗಶಾಲೆಯ ಬೀಗ ತೆಗೆದೆವು. ಉರುಳೆ ಫಳಫಳ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ಕುಂಕುಮ, ಬಾಡಿದ ಚೆಂಡುಹೂವು.

"ಕಾಗದ ಎಲ್ಲಪ್ಪ?" ಎಂದು ಗೆಳೆಯ ಜವಾನನನ್ನು ಕೇಳಿದ.

"ಮಸಿ ಅಂದ್ರೆ ಮಸಿ ಸ್ವಾಮಿ! ಹಬ್ಬದ್ ದಿನ ಅಂಗೇ ಬಿಡಕ್ಕಾಯ್ತದಾ? ಕಿತ್ತು ಒಲೆಗಾಕ್ಬುಟ್ಟು, ಹುಣಸೇಹಣ್ಣಲ್ಲಿ ಉಜ್ಬುಟ್ಟೆ. ನಿಮ್ದೇ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡೀತು ಕಣ್ರೀ."

ಗೆಳೆಯ ಕೂಗಾಡುತ್ತಾನೆಂದುಕೊಂಡೆ. ಅವನು ಸ್ಟೂಲು ಎಳೆದುಕೊಂಡು ಕೂತ. ಉರುಳೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, "ಚೆನ್ನಾಗಿ ಹೊಳೀತಿದೆ" ಎಂದ.

ಮಧ್ಯಾಹ್ನ ಗೋಷ್ಠಿಯಲ್ಲಿ ಆ ಗೀರನ್ನು ಸೀಮೆಸುಣ್ಣದಿಂದ ಬರೆಯಹೊರಟ. ಮೇಷ್ಟ್ರು ಕೈಯೆತ್ತಿದರು. "ಇದು ನಿನ್ನ ಕೈ ಬರೆದದ್ದು ಕಣಯ್ಯ. ಕಪ್ಪೆ ಬರೆದದ್ದೆಲ್ಲಿ?"

ನಡೆದದ್ದನ್ನು ನಾನೇ ಹೇಳಿದೆ. "ನರಾನೂ ತೊಳೆದು ಕುಂಕುಮ ಇಟ್ಟರು ಅನ್ನಿ!" ಎಂದು ಸಸ್ಯಶಾಸ್ತ್ರದವರೊಬ್ಬರು ನಗಿಸಿದರು. ಮೇಷ್ಟ್ರು ನಗಲಿಲ್ಲ. "ನಿನ್ನನ್ನ ನಂಬ್ತೀನಿ. ಆದರೆ ನಂಬಿದೆ ಅಂತ ಒಪ್ಪೋಕಾಗಲ್ಲ. ಇನ್ನೊಂದು ಸಲ ಮಾಡು."

ಮಾರನೆಯ ದಿನ ಅವನು ಚರ್ಚಿನಿಂದ ನೇರವಾಗಿ ನಮ್ಮ ಮನೆಗೆ ಬಂದ. ಇಬ್ಬರೂ ಕುಂಬಾರಕೊಪ್ಪಲಿಗೆ ನಡೆದೆವು. ಜವಾನ ಯಾರೂ ಕರೆಯದೆ ಅಲ್ಲಿಗೆ ಬಂದು, ಪಂಚೆ ಎತ್ತಿ ಕಟ್ಟಿ, ಆಗಲೇ ಮಂಡಿಯುದ್ದ ಕೆಸರಿನಲ್ಲಿ ನಿಂತಿದ್ದ. ಗುಂಡಿಗಳ ನೀರು ಇಳಿದಿತ್ತು. ಕಪ್ಪೆಗಳು ಮಣ್ಣಿನೊಳಗೆ ಸೇರಿಕೊಂಡಿದ್ದವು, ಒಂದೂ ಸಿಗಲಿಲ್ಲ.

ಮುಂದಿನ ಮಳೆಗಾಲದವರೆಗೆ ಗೆಳೆಯ ಹಂಗಾಮಿಯಾಗಿಯೇ ಪಾಠ ಮಾಡಿದ. ಶನಿವಾರ ತಪ್ಪದೆ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಮೇಷ್ಟ್ರು ಅವನನ್ನು ಎಬ್ಬಿಸುತ್ತಿರಲಿಲ್ಲ.