ಹ್ಯಾಮ್‌ಸ್ಟರಿನ ಬೀಗರು

ನಮ್ಮದು ಕುಂದಗೋಳದ ಹತ್ತಿರದ ಹಳ್ಳಿ. ಮಗಳು ಹಟ ಮಾಡಿ ಹುಬ್ಬಳ್ಳಿಯಿಂದ ಹ್ಯಾಮ್‌ಸ್ಟರ್ ತರಿಸಿಕೊಂಡಳು. ಶೇಂಗಾ ಚೀಲ ಕಡಿಯುವ ಇಲಿಗಳ ಜೊತೆ ಜೀವಮಾನವಿಡೀ ಜಗಳಾಡಿದ್ದ ನಮ್ಮ ಅತ್ತೆ ಪಂಜರದೊಳಗೆ ಇಣುಕಿ, "ಯವ್ವಾ, ಬಾಲ ಇಲ್ಲದ ಇಲಿ! ನಮ್ಮ ಮನ್ಯಾಗ ಇದ್ದದ್ದು ಸಾಲ್ಲಿಲ್ಲೇನವಾ?" ಎಂದರು.

ಬಿಸಿಲು ಬೀಳದ ಮೂಲೆಯಲ್ಲಿ ಪಂಜರವಿಟ್ಟೆವು. ಹಾಸಲು ಕಾಗದ ಹರಿದು ಹಾಕಿದೆವು, ಓಡಾಡಲು ಗಾಲಿ ಕೂರಿಸಿದೆವು. ಉಳಿದದ್ದು ನಮ್ಮ ಮನೆಯ ಬೆಕ್ಕಿನ ಭಯ. ಅದು ಇಡೀ ದಿನ ಪಂಜರದ ಎದುರೇ ಕೂತಿರುತ್ತಿತ್ತು. ಹ್ಯಾಮ್‌ಸ್ಟರ್ ಹೆದರಿ ಕಾಳು ಮುಟ್ಟುತ್ತಿರಲಿಲ್ಲ. ಕೊನೆಗೆ ನಾನೇ ಬೆಕ್ಕನ್ನು ಬಾಜು ಮನೆಗೆ ಕೊಟ್ಟುಬಂದೆ.

ವಾರದೊಳಗೆ ಮನೆಯ ಇಲಿಗಳಿಗೆ ಸುದ್ದಿ ಮುಟ್ಟಿತು. ಸರಳುಗಳ ಸಂದಿಯಲ್ಲಿ ಮುಂಗಾಲು ತೂರಿಸಿ ಹ್ಯಾಮ್‌ಸ್ಟರಿನ ಕಾಳನ್ನೇ ಎಳೆದು ತಿನ್ನತೊಡಗಿದವು.

"ನಿನ್ನ ಮಗಳು ತಂದದ್ದು ಒಂದ, ಅದರ ಬೀಗರು ಬಂದದ್ದು ಹತ್ತ," ಎಂದರು ಅತ್ತೆ.

ನಾಚಿಕೆ ಬಿಟ್ಟು ಬೆಕ್ಕನ್ನು ಮರಳಿ ಕೇಳಲು ಹೋದೆ. ಬಾಜು ಮನೆಯಾಕೆ ನಕ್ಕಳು: "ಹ್ಯಾಂಗ ಕೊಡೂದ್ರಿ ಅಕ್ಕಾರ? ಈಗ ನಮ್ಮ ಮನ್ಯಾಗ ಒಂದೂ ಇಲಿ ಇಲ್ಲ."

ಬರಿಗೈಯಲ್ಲಿ ಮನೆಗೆ ಬಂದೆ. ಪಂಜರದ ಪಕ್ಕದಲ್ಲಿ ಅತ್ತೆ ಕೋಲು ಹಿಡಿದು ಕೂತಿದ್ದರು. ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟು, "ಸಪ್ಪಳ ಮಾಡಬ್ಯಾಡ," ಎಂದು ಪಿಸುಗುಟ್ಟಿದರು, "ಈಗ ಮಕ್ಕೊಂಡೈತಿ."